ಪಾಟ್ಸ್‌ಡ್ಯಾಮ್ ಅರಮನೆಗಳ ಊರಿಗೆ ಕಿರುಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬರ್ಲಿನ್‌ಗೆ ಬರುವ ಬಂಧುಗಳು, ಸ್ನೇಹಿತರು, ಅವರ ಪರಿಚಯದವರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಪಾಟ್ಸ್‌ಡ್ಯಾಮ್ ಬಗ್ಗೆ ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಇಟ್ಟಿದ್ದೇನೆ. ಮೊದಲ ಸಲ ಹೊರಟವರ ಪ್ರಶ್ನೆಗಳು ಮೊದಲು, ಚರಿತ್ರೆಯನ್ನು ಕೆದಕುವವರದು ಆಮೇಲೆ.

## ಹೊರಡುವ ಮುನ್ನ

ಬರ್ಲಿನ್ ನೋಡುತ್ತೇವಲ್ಲ, ಪಕ್ಕದ ಈ ಸಣ್ಣ ಊರಿಗೆ ಬೇರೆ ಏಕೆ ಹೋಗಬೇಕು?

ಹಳೆಯ ಜರ್ಮನ್ ರಾಜ್ಯವಾದ ಪ್ರಷ್ಯಾದ ಅರಸರು ಆಳಿದ್ದು ಬರ್ಲಿನ್‌ನಿಂದಲಾದರೂ ಮನಸ್ಸಿಟ್ಟು ಕಟ್ಟಿದ್ದು ಪಾಟ್ಸ್‌ಡ್ಯಾಮನ್ನು. ಬರ್ಲಿನ್‌ನ ನೈಋತ್ಯಕ್ಕೆ, ಹಾಫೆಲ್ ನದಿ ಅಗಲವಾಗಿ ಹರಡಿ ಸರೋವರಗಳ ಸಾಲಾಗುವ ಕಡೆ ಈ ಊರಿದೆ. ಇಂದು ಇದು ಬ್ರಾಂಡೆನ್‌ಬುರ್ಗ್ ರಾಜ್ಯದ ರಾಜಧಾನಿ. ಇಲ್ಲಿನ ಅರಮನೆಗಳೂ ಉದ್ಯಾನಗಳೂ 1990ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಪಟ್ಟಿಯ ಮಾತು ಬಿಡಿ. ಒಬ್ಬ ರಾಜನ ದ್ರಾಕ್ಷಿ ತೋಟ, ರಷ್ಯಾದ ಗಾಯಕರಿಗೆಂದು ಕಟ್ಟಿಸಿದ ಮರದ ಮನೆಗಳು, ಎರಡನೇ ಮಹಾಯುದ್ಧದ ವಿಜೇತರು ಸೇರಿದ ಮೇಜು, ಶೀತಲ ಸಮರದ ಗೂಢಚಾರರು ದಾಟಿದ ಸೇತುವೆ, ಇವೆಲ್ಲ ಕೆಲವೇ ಕಿಲೋಮೀಟರುಗಳ ಒಳಗೆ ಸಿಗುವ ಊರು ಯುರೋಪಿನಲ್ಲಿ ಅಪರೂಪ. ನನ್ನ ಮಟ್ಟಿಗೆ ಬರ್ಲಿನ್‌ಗೆ ಬಂದು ಪಾಟ್ಸ್‌ಡ್ಯಾಮ್ ನೋಡದೆ ಹೋಗುವುದು ದೊಡ್ಡ ನಷ್ಟ.

ಬೆಳಿಗ್ಗೆ ಹೋಗಿ ಸಂಜೆ ವಾಪಸ್ಸಾದರೆ ಆಗುವುದಿಲ್ಲವೇ?

ಆಗುತ್ತದೆ. ಬಹುಪಾಲು ಜನ ಹಾಗೆಯೇ ಮಾಡುತ್ತಾರೆ. ಆದರೆ ಒಂದು ರಾತ್ರಿ ಅಲ್ಲಿ ಉಳಿದುಕೊಳ್ಳಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ. ಹತ್ತು ಗಂಟೆಯ ನಂತರ ಬರ್ಲಿನ್‌ನಿಂದ ಗುಂಪು ಗುಂಪಾಗಿ ಜನ ಬಂದಿಳಿಯುತ್ತಾರೆ, ಐದೂವರೆಗೆ ಅರಮನೆಗಳು ಮುಚ್ಚುತ್ತಿದ್ದಂತೆ ಮರಳುತ್ತಾರೆ. ಬೆಳಗಿನ ಏಳೆಂಟು ಗಂಟೆಗೂ ಬೇಸಿಗೆಯ ಸಂಜೆಗೂ ಉದ್ಯಾನ ಬಹುಮಟ್ಟಿಗೆ ಊರಿನವರದು. ಆ ಹೊತ್ತನ್ನು ಕಾಣದೆ ಬಂದವರು ಅರ್ಧ ಪಾಟ್ಸ್‌ಡ್ಯಾಮ್ ಮಾತ್ರ ನೋಡಿದಂತೆ.

ಒಂದೇ ದಿನ ಇದ್ದರೆ ಒಂದು ಅರಮನೆಯ ಒಳಗು, ಸಾನ್‌ಸೂಸಿ ಉದ್ಯಾನ, ಹಳೆಯ ಊರಿನಲ್ಲಿ ಒಂದು ಸುತ್ತು, ಅಷ್ಟಕ್ಕೇ ನಿಲ್ಲಿಸಿ. ಸೇತುವೆ, ಸಮ್ಮೇಳನದ ಅರಮನೆ, ಚಲನಚಿತ್ರ ಉದ್ಯಾನ ಎಲ್ಲವನ್ನೂ ಅದೇ ದಿನಕ್ಕೆ ತುರುಕಿದರೆ ಬಸ್ ನಿಲ್ದಾಣಗಳಷ್ಟೇ ನೆನಪಿನಲ್ಲಿ ಉಳಿಯುತ್ತವೆ.

ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು? ನಮಗೆ ಡಿಸೆಂಬರ್‌ನಲ್ಲಿ ಮಾತ್ರ ರಜೆ.

ಮೇ ತಿಂಗಳಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಯಾವಾಗ ಹೋದರೂ ಸರಿ. ಮೇ ತಿಂಗಳಲ್ಲಿ ಎಲೆಗಳು ಎಳೆ ಹಸಿರಾಗಿರುತ್ತವೆ, ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯ ತನಕ ಬೆಳಕಿರುತ್ತದೆ. ನನಗೆ ತುಂಬ ಪ್ರಿಯವಾದುದು ಸೆಪ್ಟೆಂಬರ್: ಜನ ಕಡಿಮೆ, ಬಿಸಿಲು ಹಿತ, ಸಾನ್‌ಸೂಸಿ ಅರಮನೆಯ ಮುಂದಿನ ಮೆಟ್ಟಿಲು ಮೆಟ್ಟಿಲಾದ ತೋಟದ ಬಳ್ಳಿಗಳಲ್ಲಿ ದ್ರಾಕ್ಷಿ ಮಾಗಿರುತ್ತದೆ.

ಡಿಸೆಂಬರ್‌ನಲ್ಲಿ ಹೋಗುವವರು ಕೆಲವು ವಿಷಯಗಳಿಗೆ ಸಿದ್ಧರಾಗಿರಬೇಕು. ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ. ಕಾರಂಜಿಗಳು ನಿಂತಿರುತ್ತವೆ. ಹಿಮದಿಂದ ಕಾಪಾಡಲು ಅಮೃತಶಿಲೆಯ ಮೂರ್ತಿಗಳಿಗೆ ಮರದ ಪೆಟ್ಟಿಗೆ ಹೊದಿಸಿರುತ್ತಾರೆ. ಚಿತ್ರಶಾಲೆ, ಚೀನೀ ಮನೆ ಮುಂತಾದವು ಚಳಿಗಾಲದಲ್ಲಿ ತೆರೆಯುವುದೇ ಇಲ್ಲ. ಸಾನ್‌ಸೂಸಿ ಅರಮನೆ ಮಾತ್ರ ವರ್ಷವಿಡೀ ತೆರೆದಿರುತ್ತದೆ, ಆದರೆ ಚಳಿಗಾಲದಲ್ಲಿ ನಾಲ್ಕೂವರೆಗೇ ಬಾಗಿಲು ಹಾಕುತ್ತಾರೆ. ಹೊಸ ಹಿಮ ಬಿದ್ದ ಬೆಳಿಗ್ಗೆ ಸಿಕ್ಕಿದರೆ ಈ ಕೊರತೆಗಳೆಲ್ಲ ಮರೆತುಹೋಗುತ್ತವೆ.

ಬೆಂಗಳೂರಿನಿಂದ ಹೋಗುವ ದಾರಿ ಯಾವುದು? ವೀಸಾಕ್ಕೆ ಎಷ್ಟು ಮೊದಲು ಓಡಾಡಬೇಕು?

ಬೆಂಗಳೂರಿನಿಂದ ಬರ್ಲಿನ್‌ಗೆ ನೇರ ವಿಮಾನವಿಲ್ಲ. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ಗೆ ನೇರವಾಗಿ ಹೋಗಿ, ಅಲ್ಲಿಂದ ಇನ್ನೊಂದು ವಿಮಾನವನ್ನೋ ರೈಲನ್ನೋ ಹಿಡಿಯಬಹುದು. ಫ್ರಾಂಕ್‌ಫರ್ಟ್‌ನಿಂದ ಬರ್ಲಿನ್‌ಗೆ ವೇಗದ ರೈಲಿನಲ್ಲಿ ನಾಲ್ಕು ಗಂಟೆಯ ಆಸುಪಾಸು. ರಾತ್ರಿಯಿಡೀ ವಿಮಾನದಲ್ಲಿ ಕುಳಿತವರು ಮೊದಲ ದಿನ ಅರಮನೆಯ ಟಿಕೆಟ್ ಇಟ್ಟುಕೊಳ್ಳಬಾರದು.

ಬೇಕಾಗುವುದು ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಹೋಗುವವರಿಗೆ ಅರ್ಜಿ ಕೇಂದ್ರದಲ್ಲಿ ಸಮಯ ಸಿಗುವುದೇ ಕಷ್ಟ. ಮೂರು ತಿಂಗಳು ಮುಂಚೆಯಾದರೂ ಕೆಲಸ ಶುರು ಮಾಡಿ. ಕನಿಷ್ಠ 30,000 ಯೂರೋ ವೆಚ್ಚವನ್ನು ಭರಿಸುವ ಪ್ರಯಾಣ ವಿಮೆ ಕಡ್ಡಾಯ.

ಬರ್ಲಿನ್‌ನಿಂದ ಯಾವ ರೈಲು? ಟಿಕೆಟ್ ವಿಷಯದಲ್ಲಿ ದಂಡ ಹಾಕುತ್ತಾರೆ ಎಂದು ಕೇಳಿದ್ದೇವೆ.

ಬರ್ಲಿನ್‌ನ ಮುಖ್ಯ ನಿಲ್ದಾಣದಿಂದ ಪ್ರಾದೇಶಿಕ ರೈಲಿನಲ್ಲಿ ಸುಮಾರು 25 ನಿಮಿಷ. ಎಸ್7 ಎಂಬ ಉಪನಗರ ರೈಲು ಎಲ್ಲ ಕಡೆ ನಿಲ್ಲುತ್ತಾ ಹೋಗುವುದರಿಂದ 40 ನಿಮಿಷದಷ್ಟು ಹಿಡಿಯುತ್ತದೆ. ಎರಡಕ್ಕೂ ಒಂದೇ ಟಿಕೆಟ್.

ದಂಡದ ಮಾತು ನಿಜ. ಬರ್ಲಿನ್ ಸಾರಿಗೆಯನ್ನು ಎ, ಬಿ, ಸಿ ಎಂದು ಮೂರು ವಲಯಗಳಾಗಿ ವಿಂಗಡಿಸಿದ್ದಾರೆ. ಪಾಟ್ಸ್‌ಡ್ಯಾಮ್ ಇರುವುದು ಸಿ ವಲಯದಲ್ಲಿ. ಊರೊಳಗೆ ಓಡಾಡಲು ಕೊಂಡ ಎಬಿ ಟಿಕೆಟ್ ಹಿಡಿದು ಇಲ್ಲಿಗೆ ಬಂದರೆ ಟಿಕೆಟ್ ಇಲ್ಲದವರ ಲೆಕ್ಕವೇ, 60 ಯೂರೋ ದಂಡ. ಎಬಿಸಿ ಟಿಕೆಟ್ ಎಂದೇ ಕೇಳಿ ಕೊಳ್ಳಿ. ಕಾಗದದ ಟಿಕೆಟ್ ಆದರೆ ರೈಲು ಹತ್ತುವ ಮುನ್ನ ಪ್ಲಾಟ್‌ಫಾರಂ ಮೇಲಿನ ಪುಟ್ಟ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆ ಬೀಳದ ಟಿಕೆಟ್‌ಗೆ ಬೆಲೆಯಿಲ್ಲ. ಇಡೀ ದಿನಕ್ಕೆ ನಡೆಯುವ ಟಿಕೆಟ್ ಕೊಂಡರೆ ಪಾಟ್ಸ್‌ಡ್ಯಾಮ್‌ನ ಬಸ್ಸು ಟ್ರಾಮುಗಳಿಗೂ ಅದೇ ಸಾಕು. ಬರ್ಲಿನ್ ವಿಮಾನ ನಿಲ್ದಾಣವೂ ಸಿ ವಲಯದಲ್ಲಿಯೇ ಇದೆ ಎಂಬುದು ನೆನಪಿರಲಿ.

## ಅರಮನೆ, ಉದ್ಯಾನ

ಸಾನ್‌ಸೂಸಿ ಅರಮನೆಯ ಟಿಕೆಟ್ ಅಲ್ಲಿಯೇ ಸಿಗುತ್ತದೆಯೇ, ಮೊದಲೇ ಕೊಳ್ಳಬೇಕೇ?

ಮೊದಲೇ ಕೊಳ್ಳಿ. ಕೋಣೆಗಳು ಚಿಕ್ಕವಾದ್ದರಿಂದ ಪ್ರತಿ ಟಿಕೆಟ್ ಮೇಲೂ ಒಳಗೆ ಹೋಗಬೇಕಾದ ಸಮಯವನ್ನು ನಮೂದಿಸುತ್ತಾರೆ. ಬೇಸಿಗೆಯ ವಾರಾಂತ್ಯದಲ್ಲಿ ಮಧ್ಯಾಹ್ನ ಹೋಗಿ ನಿಂತರೆ ಆ ದಿನದ ಟಿಕೆಟ್ ಮುಗಿದಿರುವುದೇ ಹೆಚ್ಚು. ಸಾನ್‌ಸೂಸಿ ಅರಮನೆಗೆ ಸೋಮವಾರ ರಜೆ, ಉದ್ಯಾನದ ಇನ್ನೊಂದು ತುದಿಯ ಹೊಸ ಅರಮನೆಗೆ ಮಂಗಳವಾರ ರಜೆ. ಆದ್ದರಿಂದ ಎರಡನ್ನೂ ನೋಡುವ ಆಸೆಯಿರುವವರು ಬುಧವಾರದಿಂದ ಭಾನುವಾರದೊಳಗೆ ಹೋಗಬೇಕು. ಇವುಗಳ ಉಸ್ತುವಾರಿ ನೋಡುವ ಪ್ರತಿಷ್ಠಾನ ಎಲ್ಲ ಅರಮನೆಗಳಿಗೂ ಸೇರಿದ ಒಂದು ದಿನದ ಟಿಕೆಟ್ ಮಾರುತ್ತದೆ. ಎರಡು ಮೂರು ಕಟ್ಟಡಗಳ ಒಳಗೆ ಹೋಗುವವರಿಗೆ ಅದು ಅಗ್ಗ, ಒಂದನ್ನೇ ನೋಡುವವರಿಗೆ ಬೇಡ. ದೊಡ್ಡ ಚೀಲಗಳನ್ನು ಒಳಗೆ ಬಿಡುವುದಿಲ್ಲ.

ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಇಷ್ಟಪಟ್ಟವರು ಕೊಡುವ ಕಾಣಿಕೆಗೆ ವ್ಯವಸ್ಥೆಯಿದೆ. ದಯವಿಟ್ಟು ಏನಾದರೂ ಹಾಕಿ. ಸುಮಾರು 290 ಹೆಕ್ಟೇರ್ ಹಸಿರನ್ನು ಹೀಗೆ ಕಾಪಾಡುವುದು ಸಣ್ಣ ಕೆಲಸವಲ್ಲ.

ಫೋಟೋದಲ್ಲಿ ನೋಡಿದೆ, ಒಂದೇ ಅಂತಸ್ತು. ಮೈಸೂರು ಅರಮನೆ ನೋಡಿದವರಿಗೆ ಇದರಲ್ಲಿ ಏನಿದೆ?

ಮೈಸೂರು ಅರಮನೆ ದರ್ಬಾರಿಗೆಂದು ಕಟ್ಟಿದ್ದು. ಇದು ದರ್ಬಾರಿನಿಂದ ತಪ್ಪಿಸಿಕೊಳ್ಳಲು ಒಬ್ಬ ರಾಜ ಕಟ್ಟಿಸಿಕೊಂಡ ಮನೆ. ಎರಡನೇ ಫ್ರೆಡರಿಕ್ 1745ರಲ್ಲಿ ಕೆಲಸ ಆರಂಭಿಸಿ 1747ರಲ್ಲಿ ಒಕ್ಕಲಾದ. ಗೇಯಾರ್ಗ್ ವೆನ್ಸೆಸ್ಲಾಸ್ ಫಾನ್ ಕ್ನೋಬೆಲ್ಸ್‌ಡಾರ್ಫ್ ಇದರ ಶಿಲ್ಪಿ. ಕಟ್ಟಡವನ್ನು ನೆಲಮಾಳಿಗೆಯ ಮೇಲೆ ಎತ್ತರಿಸಿದರೆ ಕೆಳಗಿನಿಂದ ಚೆನ್ನಾಗಿ ಕಾಣುತ್ತದೆ ಎಂದು ಅವನು ವಾದಿಸಿದ. ರಾಜ ಒಪ್ಪಲಿಲ್ಲ. ಕೋಣೆಯಿಂದ ನೇರವಾಗಿ ತೋಟಕ್ಕೆ ಕಾಲಿಡಬೇಕು ಎಂಬುದು ಅವನ ಹಟ. ಕೋಣೆಗಳು ಒಟ್ಟು ಹನ್ನೆರಡು.

ಆ ಹನ್ನೆರಡರಲ್ಲಿ ಮೂರನ್ನು ನಿಧಾನವಾಗಿ ನೋಡಿ. ಒಂದು ಸಂಗೀತದ ಕೋಣೆ. ಫ್ರೆಡರಿಕ್ ಒಳ್ಳೆಯ ಕೊಳಲು ವಾದಕ, ಸ್ವತಃ ಸ್ವರ ಸಂಯೋಜನೆ ಮಾಡುತ್ತಿದ್ದವನು. ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಮಗ ಕಾರ್ಲ್ ಫಿಲಿಪ್ ಎಮಾನ್ಯುಯೆಲ್ ಅವನ ಆಸ್ಥಾನದಲ್ಲಿ ವಾದ್ಯ ನುಡಿಸುತ್ತಿದ್ದ. ತಂದೆ ಬಾಖ್ 1747ರ ಮೇ ತಿಂಗಳಲ್ಲಿ ಪಾಟ್ಸ್‌ಡ್ಯಾಮ್‌ನ ನಗರ ಅರಮನೆಗೆ ಬಂದಾಗ, ರಾಜ ಕೊಟ್ಟ ಒಂದು ಸ್ವರಪಂಕ್ತಿಯನ್ನು ಅಲ್ಲಿಯೇ ಬೆಳೆಸಿ ನುಡಿಸಿದ. ಇನ್ನೊಂದು ದೇವದಾರು ಹಲಗೆಗಳಿಂದ ಕಟ್ಟಿದ ದುಂಡನೆಯ ಪುಸ್ತಕದ ಕೋಣೆ. ಇಲ್ಲಿಗೆ ರಾಜನ ಹೊರತು ಬೇರೆಯವರಿಗೆ ಸುಲಭ ಪ್ರವೇಶವಿರಲಿಲ್ಲ. ಇಂದಿಗೂ ಹೊರಗಿನಿಂದ ಇಣುಕಿ ನೋಡಬೇಕಷ್ಟೆ. ಮೂರನೆಯದು ಗೋಡೆ ತುಂಬ ಹಕ್ಕಿ, ಹಣ್ಣು, ಹೂ, ಮಂಗಗಳನ್ನು ಬಣ್ಣದಲ್ಲಿ ಕಡೆದಿರುವ ಅತಿಥಿ ಕೋಣೆ. ಅದಕ್ಕೆ ವಾಲ್ಟೇರ್‌ನ ಹೆಸರಿದೆ. ಫ್ರೆಂಚ್ ಲೇಖಕ ವಾಲ್ಟೇರ್ 1750ರಿಂದ 1753ರವರೆಗೆ ಫ್ರೆಡರಿಕ್‌ನ ಆಶ್ರಯದಲ್ಲಿದ್ದು, ಕೊನೆಗೆ ಜಗಳವಾಡಿಕೊಂಡು ಹೋದ.

ರಾಜನ ಸಮಾಧಿಯ ಮೇಲೆ ಆಲೂಗಡ್ಡೆ ಇಡುತ್ತಾರಂತೆ. ಹೌದೇ?

ಹೌದು. ಅರಮನೆಯ ಎದುರಿನ ಜಗಲಿಯಂಥ ಸಮತಟ್ಟಿನ ಒಂದು ಬದಿಯಲ್ಲಿ, ನೆಲಮಟ್ಟದ ಸರಳ ಕಲ್ಲುಚಪ್ಪಡಿಯೇ ಫ್ರೆಡರಿಕ್‌ನ ಸಮಾಧಿ. ಪಕ್ಕದಲ್ಲಿ ಅವನ ಮೆಚ್ಚಿನ ಗ್ರೇಹೌಂಡ್ ನಾಯಿಗಳವು. ಬರಗಾಲಕ್ಕೆ ಒದಗಲೆಂದು ಆಲೂಗಡ್ಡೆ ಬೆಳೆಯುವಂತೆ 1756ರಲ್ಲಿ ಅವನು ಆಜ್ಞೆ ಹೊರಡಿಸಿದ್ದ. ಆ ನೆನಪಿಗೆ ಜನ ಆಲೂಗಡ್ಡೆ ಇಟ್ಟು ಹೋಗುತ್ತಾರೆ.

ಅವನು ಇಲ್ಲಿಗೆ ಬಂದು ಸೇರಿದ ಕಥೆ ಇನ್ನೂ ದೊಡ್ಡದು. ತನ್ನನ್ನು ಆಡಂಬರವಿಲ್ಲದೆ ಈ ತೋಟದಲ್ಲಿ, ನಾಯಿಗಳ ಪಕ್ಕದಲ್ಲಿ ಹೂಳಬೇಕು ಎಂದು ಬರೆದಿಟ್ಟಿದ್ದ. 1786ರ ಆಗಸ್ಟ್ 17ರಂದು ಸಾನ್‌ಸೂಸಿಯಲ್ಲಿ ಕುರ್ಚಿಯಲ್ಲಿ ಕುಳಿತಂತೆಯೇ ತೀರಿಕೊಂಡ. ಉತ್ತರಾಧಿಕಾರಿ ಅವನ ಮಾತು ನಡೆಸದೆ, ಜೀವನದುದ್ದಕ್ಕೂ ಮಗನನ್ನು ಗೋಳು ಹೊಯ್ದುಕೊಂಡ ತಂದೆಯ ಪಕ್ಕದಲ್ಲಿಯೇ, ಗ್ಯಾರಿಸನ್ ಚರ್ಚಿನಲ್ಲಿ ಇರಿಸಿದ. ಎರಡನೇ ಮಹಾಯುದ್ಧದಲ್ಲಿ ಶವಪೆಟ್ಟಿಗೆಯನ್ನು ಒಂದು ಉಪ್ಪಿನ ಗಣಿಯಲ್ಲಿ ಬಚ್ಚಿಟ್ಟರು, ಆಮೇಲೆ ಮಾರ್ಬುರ್ಗ್, ಅಲ್ಲಿಂದ ಹೋಹೆನ್‌ಸೋಲರ್ನ್ ಕೋಟೆ. ಜರ್ಮನಿ ಒಂದಾದ ಮೇಲೆ, 1991ರ ಆಗಸ್ಟ್ 17ರಂದು, ಸತ್ತು ಸರಿಯಾಗಿ 205 ವರ್ಷಕ್ಕೆ ಅವನ ಇಚ್ಛೆ ನೆರವೇರಿತು.

ಸಮಯವಿಲ್ಲ. ಸಾನ್‌ಸೂಸಿ, ಹೊಸ ಅರಮನೆ ಎರಡರಲ್ಲಿ ಒಂದನ್ನೇ ಒಳಗಿನಿಂದ ನೋಡುವುದಾದರೆ?

ವೈಭವ ನೋಡಬೇಕಾದರೆ ಹೊಸ ಅರಮನೆ. ಏಳು ವರ್ಷಗಳ ಯುದ್ಧ ಮುಗಿದ 1763ರಲ್ಲಿ, ಪ್ರಷ್ಯಾ ಸೋತು ಸುಣ್ಣವಾಗಿಲ್ಲ ಎಂದು ಜಗತ್ತಿಗೆ ತೋರಿಸಲು ಅದೇ ಫ್ರೆಡರಿಕ್ ಇದನ್ನು ಆರಂಭಿಸಿ 1769ರಲ್ಲಿ ಮುಗಿಸಿದ. ಇನ್ನೂರಕ್ಕೂ ಹೆಚ್ಚು ಕೋಣೆಗಳು. ಗೋಡೆ, ಕಂಬಗಳಿಗೆಲ್ಲ ಚಿಪ್ಪು, ಶಂಖ, ಖನಿಜ, ರತ್ನದ ಕಲ್ಲುಗಳನ್ನು ಪಟ್ಟೆ ಪಟ್ಟೆಯಾಗಿ ಮೆತ್ತಿರುವ ಗುಹಾಂಗಣವಂತೂ ಮಕ್ಕಳನ್ನೂ ದೊಡ್ಡವರನ್ನೂ ಬೆರಗಾಗಿಸುತ್ತದೆ. ಕೊನೆಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ 1918ರ ತನಕ ಇಲ್ಲಿ ವಾಸಿಸುತ್ತಿದ್ದ.

ಒಬ್ಬ ಮನುಷ್ಯನ ಒಳಬದುಕು ನೋಡಬೇಕಾದರೆ ಸಾನ್‌ಸೂಸಿ. ನನ್ನ ಆಯ್ಕೆ ಇದೇ. ಆದರೆ ಅಲ್ಲಿನ ಟಿಕೆಟ್ ಸಿಗದಿದ್ದರೆ ಬೇಸರಪಡದೆ ಹೊಸ ಅರಮನೆಗೆ ನಡೆಯಿರಿ. ಅಲ್ಲಿ ನೂಕುನುಗ್ಗಲು ಕಡಿಮೆ. ಚಿತ್ರಕಲೆಯಲ್ಲಿ ಆಸಕ್ತಿಯಿದ್ದರೆ ಸಾನ್‌ಸೂಸಿಯ ಪಕ್ಕದ ಚಿತ್ರಶಾಲೆಯನ್ನು ಬಿಡಬೇಡಿ. ಕ್ರಿಸ್ತನ ಗಾಯದೊಳಗೆ ಬೆರಳಿಟ್ಟು ನೋಡುವ ಶಿಷ್ಯ ತೋಮಾನನ್ನು ಇಟಲಿಯ ಚಿತ್ರಕಾರ ಕರವಾಜ್ಜೋ ಬರೆದ ಚಿತ್ರ ಅಲ್ಲಿದೆ.

ಅತ್ತೆ ಮಾವನವರನ್ನು ಕರೆದುಕೊಂಡು ಹೋಗುತ್ತೇವೆ. ಇಬ್ಬರಿಗೂ ಮಂಡಿ ನೋವು. ಅಷ್ಟೊಂದು ಮೆಟ್ಟಿಲು ಹತ್ತಬೇಕಂತಲ್ಲ?

ಕೆಳಗಿನ ಕೊಳದಿಂದ ಅರಮನೆಯವರೆಗೆ ಆರು ಹಂತಗಳ ತೋಟ, 132 ಮೆಟ್ಟಿಲು. ಹಿರಿಯರು ಅವನ್ನು ಹತ್ತಬೇಕಾಗಿಲ್ಲ. ರೈಲು ನಿಲ್ದಾಣದ ಮುಂದೆ 695ನೇ ನಂಬರಿನ ಬಸ್ ಹತ್ತಿದರೆ ಅರಮನೆಯ ಹಿಂಬದಿಯಲ್ಲಿ, ಮೇಲ್ಮಟ್ಟದಲ್ಲಿಯೇ ಇಳಿಯಬಹುದು. ಅಲ್ಲಿಯೇ ಹಳೆಯ ಗಾಳಿಗಿರಣಿ, ಸಂದರ್ಶಕರ ಕೇಂದ್ರ, ಶೌಚಾಲಯಗಳಿವೆ. ಅರಮನೆ ನೋಡಿ, ಜಗಲಿಯ ಅಂಚಿನಿಂದ ತೋಟವನ್ನು ಕಣ್ತುಂಬಿಕೊಂಡು, ಮತ್ತೆ ಅದೇ ಬಸ್ಸಿನಲ್ಲಿ ಹೊಸ ಅರಮನೆಗೆ ಹೋಗಬಹುದು. ನಡೆದೇ ಹೋಗುವವರಿಗೆ ಉದ್ಯಾನದ ಮುಖ್ಯ ಸಾಲುದಾರಿ ಈ ತುದಿಯಿಂದ ಆ ತುದಿಗೆ ಎರಡೂವರೆ ಕಿಲೋಮೀಟರಿನಷ್ಟಿದೆ. ನಡುವೆ ಕುಡಿಯಲು ತಿನ್ನಲು ಸಿಗುವುದು ಅಪರೂಪ, ನೀರಿನ ಬಾಟಲಿ ಜೊತೆಗಿರಲಿ.

ಹಿರಿಯರಿಗೆ ನಾನು ಹೇಳುವ ಇನ್ನೊಂದು ದಾರಿ ದೋಣಿ. ರೈಲು ನಿಲ್ದಾಣದ ಸಮೀಪದ ಬಂದರಿನಿಂದ ಹೊರಡುವ ದೋಣಿಗಳು ನೀರಿನಂಚಿನ ಅರಮನೆಗಳನ್ನು ಕುಳಿತಲ್ಲಿಂದಲೇ ತೋರಿಸುತ್ತವೆ.

ದೊಡ್ಡ ಕಾರಂಜಿಯನ್ನು ಕಟ್ಟಿಸಿದ ರಾಜನಿಗೇ ಅದನ್ನು ನೋಡುವ ಭಾಗ್ಯ ಇರಲಿಲ್ಲ ಎನ್ನುತ್ತಾರೆ. ಏನಿದು?

ಫ್ರೆಡರಿಕ್ ಹಾಫೆಲ್ ನದಿಯ ನೀರನ್ನು ಗುಡ್ಡದ ಮೇಲಿನ ಕೆರೆಗೆ ಏರಿಸಿ, ಅಲ್ಲಿಂದ ಇಳಿಯುವ ಒತ್ತಡದಲ್ಲಿ ಕಾರಂಜಿ ಚಿಮ್ಮಿಸಬೇಕೆಂದಿದ್ದ. ಅವನ ಕಾಲದ ಮರದ ಕೊಳವೆಗಳು ಒತ್ತಡ ತಾಳದೆ ಒಡೆದವು. ಅಪಾರ ಹಣ ಸುರಿದರೂ ಪ್ರಯೋಜನವಾಗಲಿಲ್ಲ. ನಾಲ್ಕನೇ ಫ್ರೆಡರಿಕ್ ವಿಲ್ಹೆಲ್ಮ್‌ನ ಕಾಲಕ್ಕೆ ಉಗಿಯಂತ್ರ ಬಂದಿತ್ತು. ಆಗಸ್ಟ್ ಬೋರ್ಸಿಗ್ ತಯಾರಿಸಿದ 80 ಅಶ್ವಶಕ್ತಿಯ ಯಂತ್ರ 1842ರಲ್ಲಿ ನೀರನ್ನು ಮೇಲಕ್ಕೆ ಒಯ್ದಿತು. ಕಾರಂಜಿ 38 ಮೀಟರ್ ಎತ್ತರಕ್ಕೆ ಚಿಮ್ಮಿತು. ಆ ಯಂತ್ರದ ಮನೆಯನ್ನು ಲುಡ್ವಿಗ್ ಪೆರ್ಸಿಯಸ್ ಮಸೀದಿಯ ಆಕಾರದಲ್ಲಿ ಕಟ್ಟಿದ. ಹೊಗೆ ಕೊಳವೆಯೇ ಮಿನಾರು. ಊರಿನ ನಡುವೆ, ನೀರಿನ ದಂಡೆಯಲ್ಲಿ ಇಂದಿಗೂ ನಿಂತಿದೆ. ಬಹುಪಾಲು ಪ್ರವಾಸಿಗರು ಅತ್ತ ಸುಳಿಯುವುದಿಲ್ಲ, ನೀವು ಹೊರಗಿನಿಂದಲಾದರೂ ನೋಡಿ.

## ಊರಿನಲ್ಲಿ

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು?

ಉಪವಾಸವಂತೂ ಬೀಳುವುದಿಲ್ಲ. ಇಟಾಲಿಯನ್, ಏಷ್ಯನ್ ಊಟದ ಮನೆಗಳು ಹಳೆಯ ಊರಿನಲ್ಲಿ ಬೇಕಾದಷ್ಟಿವೆ. ಆದರೆ ಈ ಸೀಮೆಯದೇ ಒಂದು ಸಸ್ಯಾಹಾರಿ ಅಡುಗೆಯಿದೆ: ಸಿಪ್ಪೆಯೊಂದಿಗೆ ಬೇಯಿಸಿದ ಆಲೂಗಡ್ಡೆ, ಜೊತೆಗೆ ಗಟ್ಟಿ ಮೊಸರಿನಂಥ ಕ್ವಾರ್ಕ್, ಮೇಲೆ ಅಗಸೆ ಎಣ್ಣೆ. ಅಗಸೆ ಚಟ್ನಿ ತಿಂದು ಬೆಳೆದ ಉತ್ತರ ಕರ್ನಾಟಕದವರಿಗೆ ಆ ಎಣ್ಣೆಯ ಘಾಟು ಪರಿಚಿತವೇ. ಕಂಡರೆ ಖಂಡಿತ ಕೇಳಿ. ಏಪ್ರಿಲ್‌ನಿಂದ ಜೂನ್ 24ರವರೆಗೆ ಬಿಳಿ ಶತಾವರಿಯ ಕಾಲ. ಹತ್ತಿರದ ಬೇಲಿಟ್ಸ್ ಅದಕ್ಕೆ ಹೆಸರಾದ ಊರು. ಅದರ ಮೇಲೆ ಸುರಿಯುವ ಹಳದಿ ಸಾರಿನಲ್ಲಿ ಮೊಟ್ಟೆಯಿರುತ್ತದೆ. ಮೊಟ್ಟೆ ತಿನ್ನದವರು ಕರಗಿಸಿದ ಬೆಣ್ಣೆ ಹಾಕಿಕೊಡಿ ಎನ್ನಬೇಕು. ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಹಣ್ಣು ಬ್ರೆಡ್ಡುಗಳನ್ನು ಶನಿವಾರವೇ ಕೊಂಡಿಟ್ಟುಕೊಳ್ಳಿ.

ಅರಮನೆ ಬಿಟ್ಟರೆ ಊರಿನಲ್ಲಿ ಏನಿದೆ?

ಡಚ್ ಬಡಾವಣೆಯಿಂದ ಆರಂಭಿಸಿ. ಫ್ರೆಡರಿಕ್‌ನ ತಂದೆ ಹಾಲೆಂಡಿನ ಕುಶಲಕರ್ಮಿಗಳನ್ನು ಕರೆಸಿಕೊಳ್ಳಲು ಯಾನ್ ಬೌಮನ್ ಎಂಬ ಮೇಸ್ತ್ರಿಯ ಕೈಯಲ್ಲಿ ಕಟ್ಟಿಸಿದ ಕೆಂಪು ಇಟ್ಟಿಗೆಯ 134 ಮನೆಗಳು. ನಿರೀಕ್ಷಿಸಿದಷ್ಟು ಡಚ್ಚರು ಬರಲಿಲ್ಲ, ಮನೆಗಳು ಉಳಿದವು. ಈಗ ಅಲ್ಲಿ ಕಾಫಿ ಅಂಗಡಿಗಳೂ ಕರಕುಶಲದ ಮಳಿಗೆಗಳೂ ತುಂಬಿವೆ. ಸಂಜೆ ಕಾಲ ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ. ಮುಖ್ಯ ಬೀದಿಯ ಕೊನೆಯಲ್ಲಿ ಬ್ರಾಂಡೆನ್‌ಬುರ್ಗ್ ದ್ವಾರ. ಬರ್ಲಿನ್‌ನ ಅದೇ ಹೆಸರಿನ ದ್ವಾರಕ್ಕಿಂತ ಇದು ಹಳೆಯದು, 1770ರದು.

ಉತ್ತರಕ್ಕೆ ಸ್ವಲ್ಪ ನಡೆದರೆ ಅಲೆಕ್ಸಾಂಡ್ರೋವ್ಕ. ನೆಪೋಲಿಯನ್ ಕಾಲದ ಯುದ್ಧದಲ್ಲಿ ಸೆರೆಸಿಕ್ಕು, ಪ್ರಷ್ಯಾದ ಸೈನ್ಯದಲ್ಲಿ ಹಾಡುಗಾರರಾಗಿ ಉಳಿದ ರಷ್ಯನ್ನರಿಗೆ ಆಗಿನ ರಾಜ 1826–27ರಲ್ಲಿ ಕಟ್ಟಿಸಿಕೊಟ್ಟ ಮರದ ಮನೆಗಳು, ಸುತ್ತ ಹಣ್ಣಿನ ತೋಟ.

ಹಳೆಯ ಮಾರುಕಟ್ಟೆ ಚೌಕದ ಬಾರ್ಬರಿನಿ ಸಂಗ್ರಹಾಲಯ 2017ರಲ್ಲಿ ತೆರೆದದ್ದು. ಸ್ಥಾಪಕರು ಸ್ಯಾಪ್ ಎಂಬ ಸಾಫ್ಟ್‌ವೇರ್ ಕಂಪನಿಯನ್ನು ಕಟ್ಟಿದವರಲ್ಲೊಬ್ಬರಾದ ಹಾಸ್ಸೊ ಪ್ಲಾಟ್ನರ್. ಬೆಂಗಳೂರಿನಲ್ಲಿ ಆ ಕಂಪನಿಯ ಕಚೇರಿಗೆ ಹೋಗುವ ಎಷ್ಟೋ ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ಫ್ರೆಂಚ್ ಚಿತ್ರಕಾರ ಮೋನೆಯ ಚಿತ್ರಗಳನ್ನು ಇಷ್ಟು ಒಟ್ಟಾಗಿ ನೋಡಲು ಸಿಗುವ ಜಾಗ ಜರ್ಮನಿಯಲ್ಲಿ ಇನ್ನೊಂದಿಲ್ಲ.

## ಚರಿತ್ರೆ ಕೆದಕುವವರಿಗೆ

ಪಾಟ್ಸ್‌ಡ್ಯಾಮ್ ಸಮ್ಮೇಳನ ಎಂದು ಶಾಲೆಯಲ್ಲಿ ಓದಿದ್ದೆವು. ಆ ಕೋಣೆಯನ್ನು ನೋಡಬಹುದೇ?

ಅದು ನಡೆದದ್ದು ಸೆಸಿಲಿಯನ್‌ಹೋಫ್ ಅರಮನೆಯಲ್ಲಿ, 1945ರ ಜುಲೈ 17ರಿಂದ ಆಗಸ್ಟ್ 2ರವರೆಗೆ. ಇಂಗ್ಲೆಂಡಿನ ಹಳ್ಳಿಮನೆಯ ಶೈಲಿಯಲ್ಲಿ 1917ರಲ್ಲಿ ಮುಗಿದ ಕಟ್ಟಡ. ಅಮೆರಿಕದ ಟ್ರೂಮನ್, ಸೋವಿಯತ್ ಒಕ್ಕೂಟದ ಸ್ಟಾಲಿನ್, ಬ್ರಿಟನ್ನಿನ ಚರ್ಚಿಲ್ ದುಂಡು ಮೇಜಿನ ಸುತ್ತ ಕುಳಿತು ಸೋತ ಜರ್ಮನಿಯ ಭವಿಷ್ಯ ನಿರ್ಧರಿಸಿದರು. ಮಧ್ಯದಲ್ಲಿ ಬ್ರಿಟನ್ನಿನ ಚುನಾವಣೆಯ ಫಲಿತಾಂಶ ಬಂದು ಚರ್ಚಿಲ್ ಜಾಗಕ್ಕೆ ಆಟ್ಲಿ ಬಂದರು. ಜಪಾನ್ ಶರಣಾಗಬೇಕೆಂಬ ಘೋಷಣೆ ಹೊರಟದ್ದೂ ಜುಲೈ 26ರಂದು ಈ ಊರಿನಿಂದಲೇ. ಹನ್ನೊಂದನೇ ದಿನಕ್ಕೆ ಹಿರೋಷಿಮಾ.

ಕಟ್ಟಡ ದೀರ್ಘ ದುರಸ್ತಿಗಾಗಿ 2024ರ ನವೆಂಬರ್‌ನಿಂದ ಮುಚ್ಚಿದೆ. ಹೋಗುವ ಮುನ್ನ ಪ್ರತಿಷ್ಠಾನದ ಜಾಲತಾಣದಲ್ಲಿ ನೋಡಿಕೊಳ್ಳಿ. ಮುಚ್ಚಿದ್ದರೂ ಸುತ್ತಲಿನ ಹೊಸ ಉದ್ಯಾನದಲ್ಲಿ ನಡೆಯಬಹುದು. ಸರೋವರದ ದಂಡೆಯ ಆ ದಾರಿಯಲ್ಲಿಯೇ ಒಂದು ಕಾಲಕ್ಕೆ ಬರ್ಲಿನ್ ಗೋಡೆಯ ಕಾವಲು ಪಟ್ಟಿ ಹಾದುಹೋಗುತ್ತಿತ್ತು.

ಗೂಢಚಾರರನ್ನು ಅದಲು ಬದಲು ಮಾಡಿಕೊಳ್ಳುತ್ತಿದ್ದ ಸೇತುವೆ ಇದೇ ಊರಿನದೇ?

ಇದೇ ಊರಿನ ಅಂಚಿನದು. ಗ್ಲೀನಿಕೆ ಸೇತುವೆಯ ನಡುಭಾಗದಲ್ಲಿ ಪಶ್ಚಿಮ ಬರ್ಲಿನ್ ಮುಗಿದು ಪೂರ್ವ ಜರ್ಮನಿ ಆರಂಭವಾಗುತ್ತಿತ್ತು. 1962ರ ಫೆಬ್ರುವರಿ 10ರಂದು ಅಮೆರಿಕದ ವಿಮಾನ ಚಾಲಕ ಗ್ಯಾರಿ ಪವರ್ಸ್ ಮತ್ತು ಸೋವಿಯತ್ ಗೂಢಚಾರ ರುಡಾಲ್ಫ್ ಏಬೆಲ್ ಇಲ್ಲಿ ವಿನಿಮಯಗೊಂಡರು. 1985, 1986ರಲ್ಲಿ ಮತ್ತೆ ಎರಡು ಸಲ ಹೀಗಾಯಿತು. ಉಕ್ಕಿನ ಎರಡು ಭಾಗಗಳಿಗೆ ಬಳಿದಿರುವ ಹಸಿರಿನ ಛಾಯೆ ಬೇರೆ ಬೇರೆಯಾಗಿದೆ, ಗಮನವಿಟ್ಟು ನೋಡಿ. 93ನೇ ಟ್ರಾಮ್ ಸೇತುವೆಯವರೆಗೇ ಹೋಗುತ್ತದೆ.

ಇಲ್ಲಿ ಕಾಣುವ ಹಳೆಯ ಕಟ್ಟಡಗಳೆಲ್ಲ ನಿಜವಾಗಿಯೂ ಹಳೆಯವೇ?

ಸಾನ್‌ಸೂಸಿ ಉದ್ಯಾನದ ಅರಮನೆಗಳು ಹಳೆಯವೇ. ಊರಿನ ನಡುಭಾಗದ ಕಥೆ ಬೇರೆ. 1945ರ ಏಪ್ರಿಲ್ 14ರ ರಾತ್ರಿ ಬ್ರಿಟಿಷ್ ವಿಮಾನಗಳ ದಾಳಿಯಲ್ಲಿ ಅದು ಸುಟ್ಟುಹೋಯಿತು. ಉಳಿದಿದ್ದ ನಗರ ಅರಮನೆಯ ಗೋಡೆಗಳನ್ನೂ ಗ್ಯಾರಿಸನ್ ಚರ್ಚಿನ ಅವಶೇಷವನ್ನೂ ಪೂರ್ವ ಜರ್ಮನಿಯ ಸರ್ಕಾರ ಕೆಡವಿಸಿತು. ಈಗ ಕಾಣುವ ನಗರ ಅರಮನೆ ಹಳೆಯ ಮುಖವನ್ನಿಟ್ಟುಕೊಂಡ ಹೊಸ ಕಟ್ಟಡ. 2014ರಿಂದ ರಾಜ್ಯದ ಶಾಸನಸಭೆ ಅಲ್ಲಿ ಸೇರುತ್ತದೆ.

ಗ್ಯಾರಿಸನ್ ಚರ್ಚಿನ ಗೋಪುರವನ್ನು ಮತ್ತೆ ಕಟ್ಟಿದ ಬಗ್ಗೆ ಊರಿನಲ್ಲಿ ಇಂದಿಗೂ ಒಮ್ಮತವಿಲ್ಲ. 1933ರ ಮಾರ್ಚ್ 21ರಂದು ಹಿಟ್ಲರ್ ಅಧ್ಯಕ್ಷ ಹಿಂಡೆನ್‌ಬುರ್ಗ್ ಮುಂದೆ ತಲೆಬಾಗಿ ಕೈಕುಲುಕಿ, ಪ್ರಷ್ಯಾದ ಪರಂಪರೆಯ ವಾರಸುದಾರನಂತೆ ತೋರಿಸಿಕೊಂಡದ್ದು ಈ ಚರ್ಚಿನ ಸಮಾರಂಭದ ದಿನ. ಅಂಥ ಕಟ್ಟಡ ಮತ್ತೆ ಏಳಬಾರದು ಎಂದು ಹಲವರು ಹೋರಾಡಿದರು. 2024ರಲ್ಲಿ ತೆರೆದ ಗೋಪುರದೊಳಗೆ ಆ ಇತಿಹಾಸವನ್ನೇ ಪ್ರದರ್ಶನವಾಗಿ ಇಟ್ಟಿದ್ದಾರೆ. ಅದನ್ನು ಓದದೆ ಬರೇ ನೋಟಕ್ಕೆಂದು ಮೇಲೆ ಹತ್ತಬೇಡಿ ಎಂಬುದು ನನ್ನ ಕೋರಿಕೆ.

ಅರಮನೆಗಳನ್ನೆಲ್ಲ ಒಮ್ಮೆ ನೋಡಿಯಾಗಿದೆ. ಎರಡನೇ ಸಲ ಹೋದರೆ ಏನು ನೋಡಲಿ?

ಟೆಲಿಗ್ರಾಫೆನ್‌ಬರ್ಗ್ ಗುಡ್ಡಕ್ಕೆ ಹೋಗಿ. ರೈಲು ನಿಲ್ದಾಣದ ಹಿಂದೆ ಕಾಡಿನ ನಡುವೆ ಹರಡಿರುವ ವಿಜ್ಞಾನ ಸಂಸ್ಥೆಗಳ ಆವರಣ ಅದು. ಬೆಳಕನ್ನು ಹೊತ್ತು ಸಾಗುವ ಈಥರ್ ಎಂಬುದು ಇದೆಯೇ ಎಂದು ಪರೀಕ್ಷಿಸಲು ಆಲ್ಬರ್ಟ್ ಮೈಕೆಲ್ಸನ್ 1881ರಲ್ಲಿ ಮೊದಲ ಪ್ರಯೋಗ ನಡೆಸಿದ್ದು ಇಲ್ಲಿನ ವೀಕ್ಷಣಾಲಯದ ನೆಲಮಾಳಿಗೆಯಲ್ಲಿ. ಬರ್ಲಿನ್‌ನ ವಾಹನಗಳ ಅದುರುವಿಕೆ ತಾಳಲಾರದೆ ಉಪಕರಣವನ್ನು ಇಲ್ಲಿಗೆ ತಂದಿದ್ದ. ಐನ್‌ಸ್ಟೈನ್‌ನ ಸಿದ್ಧಾಂತವನ್ನು ಸೂರ್ಯನ ಬೆಳಕಿನಲ್ಲಿ ಪರೀಕ್ಷಿಸಲೆಂದು ಎರಿಕ್ ಮೆಂಡೆಲ್‌ಸೋನ್ ಕಟ್ಟಿದ ಐನ್‌ಸ್ಟೈನ್ ಗೋಪುರವೂ ಅಲ್ಲಿಯೇ ಇದೆ. ನೇರ ಗೆರೆಯೇ ಇಲ್ಲದ ಆ ಬಿಳಿ ಕಟ್ಟಡ ಇಂದಿಗೂ ಸೌರ ದೂರದರ್ಶಕವಾಗಿ ಕೆಲಸ ಮಾಡುತ್ತದೆ.

ಅಲ್ಲಿಂದ ಬಸ್ಸಿನಲ್ಲಿ ಕಾಪುಟ್ ಎಂಬ ಹಳ್ಳಿಗೆ ಹೋಗಿ. ಐನ್‌ಸ್ಟೈನ್ 1929ರಲ್ಲಿ ಕಟ್ಟಿಸಿಕೊಂಡ ಮರದ ಬೇಸಿಗೆ ಮನೆ ಅಲ್ಲಿದೆ. 1930ರ ಜುಲೈ 14ರಂದು ರವೀಂದ್ರನಾಥ ಠಾಕೂರರು ಆ ಮನೆಗೆ ಬಂದು, ಸತ್ಯ ಮನುಷ್ಯನ ಹೊರಗೂ ಇರಬಲ್ಲದೇ ಎಂದು ಅವರೊಂದಿಗೆ ಚರ್ಚಿಸಿದರು. ನಾಜಿಗಳು ಬಂದ ಮೇಲೆ ಐನ್‌ಸ್ಟೈನ್ ಆ ಮನೆಗೆ ಮತ್ತೆ ಕಾಲಿಡಲಿಲ್ಲ. ಒಳಗೆ ಹೋಗಲು ಎಲ್ಲ ದಿನವೂ ಅವಕಾಶವಿರುವುದಿಲ್ಲ, ಮೊದಲೇ ವಿಚಾರಿಸಿ. ಅದೇ ಹಳ್ಳಿಯಲ್ಲಿ ಹಾಫೆಲ್ ದಂಡೆಗೆ ಪುಟ್ಟದೊಂದು ಅರಮನೆಯೂ ಇದೆ. ಅದರ ಭೋಜನಶಾಲೆಯ ಗೋಡೆ, ಚಾವಣಿಗೆಲ್ಲ ನೀಲಿ ಬಿಳಿ ಡಚ್ ಹೆಂಚುಗಳನ್ನು ಜೋಡಿಸಿದ್ದಾರೆ. ಎರಡಕ್ಕೂ ಸೇರಿ ಅರ್ಧ ದಿನ ಸಾಕು.